ಕ್ಯಾನನ್ ತಗೊಳ್ಳಲಾ, ನಿಕಾನ್ ತಗೊಳ್ಳಲಾ?

ಮದ್ದೂರು ಹುಡುಗ:
ಮೊದಲ ಕ್ಯಾಮೆರಾ, ಸೆಕೆಂಡ್ ಹ್ಯಾಂಡ್. ಕೊಕ್ಕರೆ ಬೆಳ್ಳೂರು ಹತ್ತಿರವೇ ಇರುವುದರಿಂದ ಹಕ್ಕಿ ಫೋಟೋ ತೆಗೆಯುವ ಆಸೆ. ಕ್ಯಾನನ್ 200ಡಿ, ನಿಕಾನ್ ಡಿ3500 ಎರಡೂ ಒಂದೇ ರೇಟಿಗೆ ಸಿಗುತ್ತಿವೆ. ಗೆಳೆಯರು "ಕ್ಯಾನನ್ ಕಲರ್ರೇ ಬೇರೆ" ಅಂತಾರೆ. ಕಂಪನಿ ಬದಲಾದರೆ ಫೋಟೋನೂ ಬದಲಾಗುತ್ತಾ?

ಸ್ಟುಡಿಯೋ ಅಣ್ಣ:
ತಮ್ಮಾ, ಮದುವೆ ಫೋಟೋ ತೆಗೆದೇ ನನ್ನ ಸಂಸಾರ ನಡೆಯುವುದು. ಎರಡೂ ಕಂಪನಿ ಕ್ಯಾಮೆರಾ ಇಟ್ಟಿದ್ದೇನೆ. ಆಲ್ಬಮ್ ಪ್ರಿಂಟ್ ಆಗಿ ಬಂದಮೇಲೆ ಯಾವ ಫೋಟೋ ಯಾವುದರದ್ದು ಅಂತ ನನಗೇ ಗೊತ್ತಾಗುವುದಿಲ್ಲ. ಕ್ಯಾಮೆರಾನೇ ಬಣ್ಣ ತಿದ್ದಿ ಕೊಡುವ ಜೆಪೆಗ್ ಫೈಲಿನಲ್ಲಿ ತೆಗೆದರೆ ಮೈಬಣ್ಣ ಸ್ವಲ್ಪ ಬೇರೆ ಬರುತ್ತದೆ, ಅದು ಸುಳ್ಳಲ್ಲ. ಏನೂ ತಿದ್ದದ ಕಚ್ಚಾ ಫೈಲಿನಲ್ಲಿ, ಅಂದರೆ ರಾದಲ್ಲಿ, ತೆಗೆದು ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣದ ಹೊಂದಾಣಿಕೆ) ಸರಿ ಮಾಡಿದರೆ ಹೆಚ್ಚುಕಮ್ಮಿ ಅದೂ ಹೋಗುತ್ತದೆ. ಛತ್ರದ ಹಳದಿ ಲೈಟಿಗೆ ಸಿಕ್ಕ ಮದುಮಗನ ಪಂಚೆ ಎರಡರಲ್ಲೂ ಅರಿಶಿನದಲ್ಲಿ ಅದ್ದಿದ ಹಾಗೇ ಇರುತ್ತದೆ!

ನೀನು ನೋಡಬೇಕಾದ್ದು ಲೆನ್ಸು. ಡಿ3500 ಬಾಡಿಯಲ್ಲಿ ಲೆನ್ಸ್ ತಿರುಗಿಸಿ ಫೋಕಸ್ ಮಾಡುವ ಮೋಟಾರ್ ಇಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಹಳೇ ನಿಕಾನ್ 50 ಎಂಎಂ 1.8ಡಿ ಲೆನ್ಸ್ ಹಾಕಿದರೆ ಆಟೋಫೋಕಸ್ ಆಗುವುದಿಲ್ಲ, ರಿಂಗ್ ಕೈಯಲ್ಲೇ ತಿರುಗಿಸಬೇಕು. ಒಳಗೇ ಮೋಟಾರ್ ಇರುವ ಎಎಫ್-ಎಸ್ ಅಥವಾ ಎಎಫ್-ಪಿ ತರಹದ ಲೆನ್ಸೇ ಬೇಕು. ಕ್ಯಾನನ್ನಿನವರು 1987ರಲ್ಲಿ ಇಎಫ್ ಮೌಂಟ್ (ಲೆನ್ಸ್ ಸಿಕ್ಕಿಸುವ ಜೋಡಣೆ) ತಂದಾಗಲೇ ಮೋಟಾರನ್ನು ಲೆನ್ಸಿನೊಳಗೆ ಇಟ್ಟರು. ಅಲ್ಲಿ ಈ ತಲೆನೋವಿಲ್ಲ.

ಹಕ್ಕಿ ಹುಚ್ಚ:
ಅಣ್ಣ, ಒಪ್ಪಲ್ಲ. ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳು ಹಾರುವ ಹಕ್ಕಿಯ ಕಣ್ಣನ್ನೇ ಹುಡುಕಿ ಫೋಕಸ್ ಹಿಡಿಯುತ್ತವೆ. ಅದು ದೊಡ್ಡ ವ್ಯತ್ಯಾಸ ಅಲ್ವಾ?

ಸ್ಟುಡಿಯೋ ಅಣ್ಣ:
ಹೌದಪ್ಪ, ಆದರೆ ಅದು ಮಾಡೆಲ್ಲಿನ ಮಾತು. ಕ್ಯಾನನ್, ನಿಕಾನ್, ಸೋನಿ ಮೂವರಲ್ಲೂ ಅದು ಇದೆ. ಇವನ ಬಜೆಟ್ಟಿಗೆ ಯಾವುದೂ ಎಟುಕುವುದಿಲ್ಲ. ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗಿನ ಮರದಲ್ಲೇ ಗೂಡು ಕಟ್ಟುತ್ತವೆ. ಗೂಡಲ್ಲಿ ಕೂತ ಹಕ್ಕಿಗೆ ಅಷ್ಟೆಲ್ಲ ಬೇಡ. ಕಪ್ಪು ಎಲೆಯ ಮುಂದೆ ಬೆಳ್ಳಗಿನ ಕೊಕ್ಕರೆ ಇದ್ದರೆ ಕ್ಯಾಮೆರಾ ಮೋಸ ಹೋಗಿ, ಕತ್ತಲೆ ಅಂದುಕೊಂಡು ಬೆಳಕು ಹೆಚ್ಚು ಬಿಡುತ್ತದೆ, ರೆಕ್ಕೆಯ ಗೆರೆಗಳೆಲ್ಲ ಅಳಿಸಿ ಬರೀ ಬಿಳಿ ತೇಪೆ ಬರುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಬೆಳಕು ಹೆಚ್ಚುಕಮ್ಮಿ ಮಾಡುವ ಸೆಟ್ಟಿಂಗ್) ಮೈನಸ್ 0.7ಕ್ಕೆ ಇಳಿಸು. ಬಿಸಿಲು ಏರುವ ಮುಂಚೆ ಹೋಗು. ಅಂದಹಾಗೆ, ನಿಮ್ಮ ಕಡೆ ಯಾರ ಹತ್ತಿರವಾದರೂ ಲೆನ್ಸ್ ಇದೆಯಾ?

ಮದ್ದೂರು ಹುಡುಗ:
ಮಾವನ ಬೀರುವಿನಲ್ಲಿ ದೂರದ್ದನ್ನು ಹತ್ತಿರ ತೋರಿಸುವ ಕ್ಯಾನನ್ 55-250 ಜೂಮ್ ಲೆನ್ಸ್ ಸುಮ್ನೆ ಬಿದ್ದಿದೆ ಅಣ್ಣ.

ಸ್ಟುಡಿಯೋ ಅಣ್ಣ:
ಮೊದಲೇ ಹೇಳೋದಲ್ವಾ! 200ಡಿ ತಗೋ, ಆ ಲೆನ್ಸ್ ಅದಕ್ಕೆ ಕೂರುತ್ತದೆ. ಲೆನ್ಸನ್ನು ಜೊತೆಗೇ ಒಯ್ದು ಅಂಗಡಿಯಲ್ಲೇ ಹಾಕಿ ನೋಡು. ಬೀರುವಿನಲ್ಲಿ ಇತ್ತು ಅಂತೀಯ, ಒಳಗೆ ಫಂಗಸ್ ಹಿಡಿದಿದೆಯಾ ಅಂತ ಟಾರ್ಚ್ ಬಿಟ್ಟು ನೋಡೋದು ಮರೀಬೇಡ.