ಯಕ್ಷಗಾನ ಆಟದ ಫೋಟೋಗೆ ರಾ ಬೇಕಾ, ಜೆಪೆಗ್ ಸಾಕಾ?

ಬದಿಯಡ್ಕದವ:
ಕುಂಬಳೆ, ಮಧೂರು ಅಂತ ಹತ್ತಿರ ಎಲ್ಲಿ ಆಟ ಇದ್ದರೂ ಕ್ಯಾಮೆರಾ ಹಿಡಿದು ಹೋಗುತ್ತೇನೆ. 24 ಮೆಗಾಪಿಕ್ಸೆಲ್, ಜೆಪೆಗ್‌ನಲ್ಲೇ ತೆಗೆಯುವುದು, ಅಂದರೆ ಕ್ಯಾಮೆರಾವೇ ಕುಗ್ಗಿಸಿ ಕೊಡುವ ಫೈಲ್. ಬಣ್ಣದ ವೇಷ (ರಾಕ್ಷಸರ ವೇಷ) ಬಂದಾಗಲೇ ತೊಂದರೆ. ಮುಖದ ಚಿಟ್ಟಿ (ಅಕ್ಕಿಹಿಟ್ಟಿನ ಬಿಳಿ ಚುಕ್ಕೆ) ಒಂದಕ್ಕೊಂದು ಅಂಟಿಕೊಂಡು ಬಿಳಿ ಪಟ್ಟಿಯ ಹಾಗೆ ಕಾಣುತ್ತದೆ, ಕೆಂಪು ಬಟ್ಟೆಯಲ್ಲಿ ನೆರಿಗೆಯೇ ಇಲ್ಲ. ಎಡಿಟ್‌ನಲ್ಲಿ ಬೆಳಕು ಇಳಿಸಿದರೆ ಬಿಳಿ ಇದ್ದದ್ದು ಬೂದಿ ಬಣ್ಣ ಆಗುತ್ತದೆ, ಅಷ್ಟೇ. ಪಿಎನ್‌ಜಿ ಮಾಡಿದರೆ ಸರಿಯಾಗುತ್ತದೆ ಅಂತ ಒಬ್ಬರು ಹೇಳಿದರು, ಹೌದಾ? ರಾ, ಅಂದರೆ ಸೆನ್ಸರ್ ಹಿಡಿದದ್ದನ್ನು ಹಾಗೇ ಇಡುವ ಫೈಲ್, ಹಾಕಿದರೆ ಕಾರ್ಡ್ ಬೇಗ ತುಂಬುತ್ತದೆ ಅಲ್ವಾ? 12x18 ಇಂಚಿನ ಪ್ರಿಂಟ್ ಹಾಕಿಸಬೇಕು, ಪತ್ತನಾಜೆಗೆ (ಮೇಳಗಳ ತಿರುಗಾಟ ಮುಗಿಯುವ ದಿನ) ಮೊದಲು ಇದೊಂದು ಸರಿ ಆಗಬೇಕು.

ಚೌಕಿ ಬಾಗಿಲು:
ಪಿಎನ್‌ಜಿ ಮಾತು ಬಿಡಿ ಮಾರಾಯ್ರೆ. ಜೆಪೆಗ್ ಆಗುವಾಗ ಹೋದದ್ದು ಹೋಯಿತು, ಫೈಲ್ ಸುಮ್ನೆ ದೊಡ್ಡದಾಗುತ್ತದೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 8 ಬಿಟ್, ಅಂದರೆ 256 ಹಂತ. ರಾ 12 ಬಿಟ್ ಇದ್ದರೆ 4,096, 14 ಬಿಟ್ ಇದ್ದರೆ 16,384. ಜೊತೆಗೆ ಕ್ಯಾಮೆರಾ ತನ್ನ ಲೆಕ್ಕದಲ್ಲಿ ಕಾಂಟ್ರಾಸ್ಟ್, ವೈಟ್ ಬ್ಯಾಲೆನ್ಸ್ ಎಲ್ಲ ಹಾಕಿ ಜೆಪೆಗ್ ಮಾಡುತ್ತದೆ, ಆಗ ಚಿಟ್ಟಿಯಂಥ ಬಿಳಿಯ ವಿವರ ಕತ್ತರಿಸಿ ಹೋಗಬಹುದು. ರಾದಲ್ಲಿ ಅದು ಎಷ್ಟೋ ಸಲ ಉಳಿದಿರುತ್ತದೆ. ಕಾರ್ಡ್ ಚಿಂತೆ ಇದ್ದರೆ ಬಣ್ಣದ ವೇಷಕ್ಕೆ ಮಾತ್ರ ರಾ ಹಾಕಿ, ಕಥೆಗೆ ಮೊದಲಿನ ಪೂರ್ವರಂಗಕ್ಕೆಲ್ಲ ಜೆಪೆಗ್ ಸಾಕು.

ಸ್ಟುಡಿಯೋದವ:
ರಾ ಹಾಕಿದ ಮಾತ್ರಕ್ಕೆ ಆಗುವುದಿಲ್ಲ. ಬೆಳಕು ಹಿಡಿಯುವ ಸೆನ್ಸರ್‌ನಲ್ಲೇ ಬೆಳಕು ತುಂಬಿ ಹೋದರೆ ರಾದಲ್ಲೂ ಏನೂ ಇರುವುದಿಲ್ಲ. ಕೆಂಪು ಬಟ್ಟೆಗೆ ಹಳದಿ ಬೆಳಕು ಬಿದ್ದರೆ ಕೆಂಪು ಚಾನೆಲ್ ಎಲ್ಲಕ್ಕಿಂತ ಮೊದಲು ತುಂಬುತ್ತದೆ, ಕ್ಯಾಮೆರಾದ ಬಿಳಿ ಹಿಸ್ಟೋಗ್ರಾಮ್ (ಬೆಳಕು ಎಷ್ಟಿದೆ ಎಂದು ತೋರಿಸುವ ಗ್ರಾಫ್) ನೋಡಿದರೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ. ಮೂರು ಬಣ್ಣದ ಹಿಸ್ಟೋಗ್ರಾಮ್ ಹಾಕಿ, ಕೆಂಪು ಬಲತುದಿಗೆ ಒತ್ತಿಕೊಂಡಿದ್ದರೆ ಎಕ್ಸ್‌ಪೋಶರ್ ಒಂದು ಸ್ಟಾಪ್ (ಅರ್ಧ ಬೆಳಕಿಗೆ) ಇಳಿಸಿ. ರಂಗಸ್ಥಳದ ಹಿಂದಿನ ಪರದೆ ಕಪ್ಪಾದರೆ ಆಗಲಿ, ಆಟ ನೋಡಲು ಬಂದವರು ಪರದೆ ನೋಡುವುದಿಲ್ಲ.

ಇನ್ನೊಂದು, ಜೆಪೆಗ್ ಸಾಮಾನ್ಯವಾಗಿ ಬಣ್ಣದ ವಿವರವನ್ನು ಬೆಳಕಿನ ವಿವರಕ್ಕಿಂತ ಕಡಿಮೆ ಇಡುತ್ತದೆ. ಕೆಂಪು ಮತ್ತು ಕಪ್ಪು ಸೇರುವ ಅಂಚು ಕಲಸಿದ ಹಾಗೆ ಕಾಣುವುದಕ್ಕೆ ಅದೂ ಒಂದು ಕಾರಣ.

ಬದಿಯಡ್ಕದವ:
ಅಣ್ಣ, ಪ್ರಿಂಟ್‌ಗೆ ಯಾವ ಫೈಲ್ ಕೊಡಬೇಕು? ಅಂಗಡಿಯವರು ವಾಟ್ಸಾಪ್ ಮಾಡಿ ಅನ್ನುತ್ತಾರೆ.

ಸ್ಟುಡಿಯೋದವ:
ರಾದಲ್ಲೇ ಎಡಿಟ್ ಮಾಡಿ, ಕೊನೆಗೆ ಒಂದೇ ಸಲ ಹೈ ಕ್ವಾಲಿಟಿ ಜೆಪೆಗ್ ತೆಗೆಯಿರಿ. ಅದನ್ನೇ ತೆರೆದು ತಿದ್ದಿ ಮತ್ತೆ ಮತ್ತೆ ಸೇವ್ ಮಾಡಿದರೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಹಾಳಾಗುತ್ತದೆ, ಕಾಪಿ ಮಾಡಿದರೆ ಏನೂ ಆಗುವುದಿಲ್ಲ. 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) 12x18 ಅಂದರೆ 3600x5400 ಪಿಕ್ಸೆಲ್, ನಿಮ್ಮ 24 ಮೆಗಾಪಿಕ್ಸೆಲ್ ಧಾರಾಳ ಸಾಕು. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಪೆನ್‌ಡ್ರೈವ್ ಹಿಡ್ಕೊಂಡು ಹೋಗಿ.