ಪದ ಬೇಕು: ‘ಪರ್ಸಿಸ್ಟೆಂಟ್ ಮೆಮೊರಿ’, ‘ಫ್ಲಶ್’, ‘ಫೆನ್ಸ್’

ಶಿರಸಿಯಿಂದ:
ಡೇಟಾಬೇಸ್ ಪಾಠದ ಗೋಡೆಪಟ ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಕರೆಂಟ್ ಹೋದರೂ ಬರೆದದ್ದು ಉಳಿಯುವ ಮೆಮೊರಿಯಲ್ಲಿ ಬಿ-ಪ್ಲಸ್ ಟ್ರೀ ಇಂಡೆಕ್ಸ್ (ದಾಖಲೆಗಳನ್ನು ಬೇಗ ಹುಡುಕಲು ಮರದಂತೆ ಕವಲೊಡೆಯುವ ಪಟ್ಟಿ; ತುದಿಯ ತುಂಡುಗಳೇ ಎಲೆ) ಕಟ್ಟುವ ಕ್ರಮ ಅದರಲ್ಲಿದೆ: ‘ಹೊಸ ನಮೂದನ್ನು ಎಲೆಯ ಖಾಲಿ ಜಾಗದಲ್ಲಿ ಬರೆ, ಆ 64 ಬೈಟಿನ ಕ್ಯಾಶ್ ಲೈನನ್ನು ಫ್ಲಶ್ ಮಾಡು, ಫೆನ್ಸ್ ಹಾಕು, ಆಮೇಲೆ 8 ಬೈಟಿನ ಬಿಟ್‌ಮ್ಯಾಪನ್ನು ಒಂದೇ ಏಟಿಗೆ ಬದಲಿಸು, ಮತ್ತೆ ಫ್ಲಶ್, ಮತ್ತೆ ಫೆನ್ಸ್.’ ಕ್ಯಾಶ್ ಲೈನ್ ಎಂದರೆ ಪ್ರೊಸೆಸರಿನ ಒಳಗಿನ ವೇಗದ ಮೆಮೊರಿಯ ಒಂದು ತುಂಡು; ಅದನ್ನು ಹೊರಗಿನ ಮೆಮೊರಿಗೆ ಬರೆಸುವುದು ಫ್ಲಶ್, ಬರೆಹಗಳ ಸರದಿ ಕಾಯುವುದು ಫೆನ್ಸ್, ಎಲೆಯ ಯಾವ ಜಾಗ ತುಂಬಿದೆ ಎಂದು ತೋರಿಸುವ ಬಿಟ್ಟುಗಳ ಸಾಲು ಬಿಟ್‌ಮ್ಯಾಪ್. ಸದ್ಯ ‘ಸ್ಥಿರ ಸ್ಮೃತಿ’, ‘ತೊಳೆ’, ‘ಬೇಲಿ’ ಎಂದು ಬರೆದಿದ್ದೇನೆ. ನಡೆಯುತ್ತದೆಯೇ?

ಕುಮಟೆಯಿಂದ:
‘ಸ್ಥಿರ’ ಬೇಡವೇ ಬೇಡ. ಬೈಟು ಬೈಟಾಗಿ ತಿದ್ದಬಹುದಾದದ್ದು ಸ್ಥಿರ ಹೇಗಾದೀತು? ‘ಅಳಿಯದ ನೆನಪು’ ಎನ್ನಿ. ಹಳಗನ್ನಡದ ‘ಅೞಿ’ಗೆ ನಾಶವಾಗು ಎಂದೇ ಅರ್ಥ; ಆ ೞಕಾರವನ್ನು ತಮಿಳು ಇಂದಿಗೂ ಉಳಿಸಿಕೊಂಡಿದೆ, ನಾವು ಕಳೆದುಕೊಂಡೆವು. ‘ಇಂಡೆಕ್ಸ್’ ಕೂಡ ತೆಗೆಯಿರಿ, ‘ಸೂಚಿ’ ಇದೆ.

ಕಾರವಾರದಿಂದ:
‘ಸೂಚಿ’ ಸಂಸ್ಕೃತ. ಅದು ಸಲ್ಲುವುದಾದರೆ ಇಂಡೆಕ್ಸ್ ಯಾಕೆ ಸಲ್ಲದು? ‘ಅಳಿಯದ ಮೆಮೊರಿ’ ಸಾಕು. ಅರಿಸಮಾಸದ (ಕನ್ನಡ ಪದಕ್ಕೆ ಬೇರೆ ಭಾಷೆಯ ಪದ ಕೂಡಿಸಿದ ದೋಷದ) ತಕರಾರು ತರಬೇಡಿ, ‘ಅಳಿಯದ’ ಎಂಬಂಥ ಕೃದಂತ ಮೊದಲಿರುವ ಗಮಕ ಸಮಾಸಕ್ಕೆ ಆ ದೋಷ ಹತ್ತುವುದಿಲ್ಲ. ‘ತೊಳೆ’ ಪೂರ್ತಿ ತಪ್ಪು. ಫ್ಲಶ್ ಮಾಡಿಸುವ ಪ್ರೊಸೆಸರಿನ ಸಿಎಲ್‌ಡಬ್ಲ್ಯುಬಿ ಆದೇಶ ಲೈನನ್ನು ಮೆಮೊರಿಗೆ ಬರೆಸುತ್ತದೆ, ಕ್ಯಾಶಿನಿಂದ ಅಳಿಸಲೇಬೇಕೆಂದಿಲ್ಲ. ‘ಇಳಿಸು’ ಎಂದು ಬರೆಯಿರಿ.

ಯಲ್ಲಾಪುರದಿಂದ:
ಬೇಲಿ ಯಾರನ್ನೂ ಬಿಡುವುದಿಲ್ಲ. ಇಲ್ಲಿ ಬೇಕಾದದ್ದು ದಣಪೆ, ಅಂದರೆ ಬೇಲಿಯಲ್ಲಿ ದಾಟಲು ಬಿಟ್ಟ ದಾರಿಯ ಅಡ್ಡಗಳ: ಮೊದಲು ಬಂದವು ದಾಟುವ ತನಕ ಆಮೇಲೆ ಬಂದವನ್ನು ನಿಲ್ಲಿಸಿಕೊಳ್ಳುವಂಥದ್ದು. ಅದಿಲ್ಲದಿದ್ದರೆ ನಮೂದಿಗಿಂತ ಮೊದಲೇ ಬಿಟ್‌ಮ್ಯಾಪ್ ಮೆಮೊರಿ ಸೇರಬಹುದು. ಆ ನಡುವೆ ಕರೆಂಟ್ ಹೋಯಿತೋ, ಮತ್ತೆ ಶುರುವಾದಾಗ ಬಿಟ್ ‘ತುಂಬಿದೆ’ ಎನ್ನುತ್ತದೆ, ಒಳಗೆ ಕಸ. ಫೆನ್ಸ್ ತಾನಾಗಿ ಏನನ್ನೂ ಇಳಿಸುವುದಿಲ್ಲ, ಸರದಿ ಕಾಯುತ್ತದೆ ಅಷ್ಟೆ. ಪಟದಲ್ಲಿ ಎರಡನ್ನೂ ಒಂದೇ ಪದಕ್ಕೆ ಸೇರಿಸಬೇಡಿ. ಬಯಲುಸೀಮೆಯವರೂ ಓದುವ ಪಟವಾದರೆ ‘ತಡೆ’ ಎನ್ನಿ.

ಕುಮಟೆಯಿಂದ:
ದಣಪೆ ಒಪ್ಪಿದೆ. ಮೆಮೊರಿ ಒಪ್ಪುವುದಿಲ್ಲ. ಹೀಗೇ ಬಿಟ್ಟರೆ ಇಂಥ ಮೆಮೊರಿಗೆ ಇಂಟೆಲ್ ಕಂಪನಿ ಇಟ್ಟ ‘ಆಪ್ಟೇನ್’ ಎಂಬ ಹೆಸರನ್ನೇ ಬರೆಯುವ ದಿನ ಬರುತ್ತದೆ.

ಕಾರವಾರದಿಂದ:
ಯಾರೂ ಬರೆಯುವುದಿಲ್ಲ. ಆಪ್ಟೇನ್ ವ್ಯವಹಾರ ಮುಚ್ಚುವುದಾಗಿ ಇಂಟೆಲ್ 2022ರಲ್ಲೇ ಹೇಳಿತು. ಕಂಪನಿಯ ಹೆಸರು ಬೇರೆ, ಬಳಕೆಯ ಪದ ಬೇರೆ. ನಮ್ಮ ಕರಾವಳಿಯ ‘ಚಾವಿ’ ಪೋರ್ಚುಗೀಸಿನದು, ‘ದಾಖಲೆ’ ಅರಬ್ಬಿಯದು. ಅವನ್ನೂ ಬಿಡುತ್ತೀರಾ?

ಕುಮಟೆಯಿಂದ:
ಬಂದದ್ದನ್ನು ಬಿಡೆನ್ನಲಿಲ್ಲ. ಇದ್ದದ್ದನ್ನು ಬಿಡಬೇಡಿ ಎಂದೆ.

ಶಿರಸಿಯಿಂದ:
‘ಅಳಿಯದ ಮೆಮೊರಿ’, ‘ಇಳಿಸು’, ‘ತಡೆ’ ಹಾಕುತ್ತಿದ್ದೇನೆ. ಇಂಡೆಕ್ಸ್ ಹಾಗೇ ಇರಲಿ. ಎಲೆಯ ನಮೂದುಗಳನ್ನು ವಿಂಗಡಿಸದೆ ಬಿಡುವುದಕ್ಕೆ ‘ಅವಿಂಗಡಿತ’ ಎಂದು ದಯವಿಟ್ಟು ಸೂಚಿಸಬೇಡಿ, ‘ಜೋಡಿಸದ ಎಲೆ’ ಎಂದಾಗಲೇ ಬರೆದಾಗಿದೆ.