ಫ್ಲೀಟ್ ಪವರ್ ನನ್ನದೇ ಜಾಸ್ತಿ, ಆದರೂ ಒಂದೇ ಜಾಗದಲ್ಲಿ ಎರಡು ಸಲ ಸೋತೆ (ಸ್ಟೆಲ್ಲಾರಿಸ್)

ತುಂಗೆ_ದಡ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಮಳೆ ಬಿಡುತ್ತಿಲ್ಲ, ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವವರು ಬಂದಿಲ್ಲ. ಹಾಗಾಗಿ ಮೂರು ದಿನದಿಂದ ಸ್ಟೆಲ್ಲಾರಿಸ್ (ಬಾಹ್ಯಾಕಾಶದಲ್ಲಿ ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟ) ಹಿಡಿದು ಕೂತಿದ್ದೇನೆ. ಈಗ ತಲೆ ಕೆಟ್ಟಿದೆ.

ಆಟದಲ್ಲಿ 2318ನೇ ಇಸವಿ. ಪಕ್ಕದ ಸಾಮ್ರಾಜ್ಯದ ಜೊತೆ ಯುದ್ಧ. ನನ್ನ ಹತ್ತಿರ 6 ಬ್ಯಾಟಲ್‌ಶಿಪ್ (ದೊಡ್ಡ ಯುದ್ಧ ಹಡಗು), 20 ಕಾರ್ವೆಟ್ (ಸಣ್ಣ, ಚುರುಕು ಹಡಗು). ಬ್ಯಾಟಲ್‌ಶಿಪ್ ಪೂರ್ತಿ ಶೀಲ್ಡ್ (ವಿದ್ಯುತ್ತಿನಿಂದ ನಡೆಯುವ ಶಕ್ತಿಯ ಕವಚ), ಆರ್ಮರ್ (ಗಟ್ಟಿ ಹೊರ ಕವಚ) ಹೆಸರಿಗೆ ಮಾತ್ರ. ಬಂದೂಕು ಎಲ್ಲಾ ರೇಲ್‌ಗನ್ (ಗಟ್ಟಿ ಗುಂಡು ಹಾರಿಸುವಂಥದ್ದು). ಗಡಿಯಲ್ಲಿ ಮೊದಲ ಕಾದಾಟ ಕಷ್ಟಪಟ್ಟು ಗೆದ್ದೆ. ಅವರ ಹಡಗು ಜಾಸ್ತಿ ಸಾಯಲಿಲ್ಲ, ಓಡಿ ಹೋದವು. ನಾನೂ ಮನೆಗೆ ಬಂದು ರಿಪೇರಿ ಮಾಡಿಕೊಂಡೆ. ಹೊರಡುವಾಗ ಫ್ಲೀಟ್ ಪವರ್ (ಪಡೆಯ ಬಲಕ್ಕೆ ಆಟ ಕೊಡುವ ಅಂಕ) ನನ್ನದು 31 ಸಾವಿರ, ಅವರದು 24 ಸಾವಿರ. ಅವರ ಗಡಿಯೊಳಗೆ ಮೂರು ಸಿಸ್ಟಮ್ (ಒಂದೊಂದು ನಕ್ಷತ್ರದ ವಲಯ) ಹೋದೆ. ಅಲ್ಲಿ 4 ಬ್ಯಾಟಲ್‌ಶಿಪ್ ಪುಡಿ. ಹಳೆ ಸೇವ್ ತೆಗೆದು ಮತ್ತೆ ಅಲ್ಲಿಗೇ ಹೋದರೆ ಈ ಸಲ 5 ಹೋಯಿತು!

ಅದೇ ಶತ್ರು, ಅದೇ ಹಡಗುಗಳು. ಎಲ್ಲಿ ತಪ್ಪುತ್ತಿದ್ದೇನೆ?

ದೊಡ್ಡ_ಹಡಗು

ಇನ್ನೂ ನಾಲ್ಕು ಬ್ಯಾಟಲ್‌ಶಿಪ್ ಕಟ್ಟಿ. ಮುಗಿಯಿತು.

ತುಂಗೆ_ದಡ

ಒಂದಕ್ಕೆ ನೇವಲ್ ಕೆಪಾಸಿಟಿ (ಎಷ್ಟು ದೊಡ್ಡ ಪಡೆ ಸಾಕಬಹುದು ಎಂಬ ಲೆಕ್ಕ) 8 ತಿನ್ನುತ್ತದೆ ಮಾರಾಯ್ರೇ. ಈಗಲೇ 68 ಆಗಿದೆ, ಮಿತಿ 70. ದಾಟಿದರೆ ಖರ್ಚು ಏರುತ್ತದೆ. ಹಡಗು ಕಟ್ಟಲು ಬೇಕಾದ ಅಲಾಯ್ ಬೇರೆ ತಳ ಕಂಡಿದೆ.

ಕೊಡಚಾದ್ರಿ_42

ಬರೀ ಸಂಖ್ಯೆ ಏರಿಸಿದರೆ ಅಷ್ಟೇನೂ ಲಾಭ ಇಲ್ಲ. 2018ರ 2.0 ಆವೃತ್ತಿಯಿಂದ, ಸಣ್ಣ ಪಡೆ ದೊಡ್ಡ ಪಡೆಯನ್ನು ಎದುರಿಸಿದಾಗ ಸಣ್ಣದಕ್ಕೆ ಗುಂಡು ಹಾರಿಸುವ ವೇಗ ಸ್ವಲ್ಪ ಜಾಸ್ತಿ ಸಿಗುತ್ತದೆ.

ನನಗೆ ಅನುಮಾನ ಟ್ರ್ಯಾಕಿಂಗ್ (ಓಡುವ ಗುರಿಯನ್ನು ಹಿಂಬಾಲಿಸುವ ಶಕ್ತಿ) ಮೇಲೆ. ಬ್ಯಾಟಲ್‌ಶಿಪ್ಪಿನ ದೊಡ್ಡ ಬಂದೂಕಿಗೆ ಟ್ರ್ಯಾಕಿಂಗ್ ಬರೀ 5. ಎದುರಿನ ಕಾರ್ವೆಟ್ಟಿನ ಇವೇಷನ್ (ಗುಂಡು ತಪ್ಪಿಸಿಕೊಳ್ಳುವ ಗುಣ) 75 ಅಂದುಕೊಳ್ಳಿ. ಇವೇಷನ್ನಿನಲ್ಲಿ ಟ್ರ್ಯಾಕಿಂಗ್ ಕಳೆದರೆ 70. ಅದನ್ನು ನಿಮ್ಮ ಅಕ್ಯುರೆಸಿಯಲ್ಲಿ (ನೂರಕ್ಕೆ ಎಷ್ಟು ಗುಂಡು ಗುರಿ ತಾಗುತ್ತವೆ ಎಂಬುದು) ಕಳೆಯಬೇಕು. ಅಕ್ಯುರೆಸಿ 75 ಇದ್ದರೆ ಉಳಿಯುವುದು 5. ನೂರು ಗುಂಡು ಹೊಡೆದರೆ ಐದು ತಾಗುತ್ತವೆ. ಸೊಳ್ಳೆ ಹೊಡೆಯಲು ಒನಕೆ ಎತ್ತಿದ ಹಾಗೆ. ಸಣ್ಣ ಬಂದೂಕಿಗಾದರೆ ಟ್ರ್ಯಾಕಿಂಗ್ 50ರ ಆಸುಪಾಸು ಇರುತ್ತದೆ.

ಆದರೆ ಇದು ಊಹೆ. ಯುದ್ಧ ಮುಗಿದ ಮೇಲೆ ಬರುವ ವರದಿ ತೆಗೆದು ನೋಡಿ. ಯಾವ ಬಂದೂಕು ಎಷ್ಟು ತಾಗಿತು, ಯಾರ ಶೀಲ್ಡ್, ಆರ್ಮರ್, ಹಲ್‌ಗೆ (ಹಡಗಿನ ಮೈಗೆ) ಎಷ್ಟೆಷ್ಟು ಪೆಟ್ಟು ಅಂತ ಇರುತ್ತದೆ. ಅದು ನೋಡದೆ ಔಷಧಿ ಹೇಳುವುದು ಸರಿಯಲ್ಲ.

ತುಂಗೆ_ದಡ

ಉತ್ತರ ತಡವಾಯಿತು, ನಿನ್ನೆ ಸಂಜೆ ಹೋದ ಕರೆಂಟ್ ಈಗ ಬಂತು. ವರದಿ ನೋಡಿದೆ.

ಅವರ ಕಡೆ 9 ಕ್ರೂಸರ್, 10 ಡೆಸ್ಟ್ರಾಯರ್ (ಎರಡೂ ನಡು ಗಾತ್ರದ ಹಡಗು), 8 ಕಾರ್ವೆಟ್. ನನ್ನ ಗುಂಡು ಅರ್ಧಕ್ಕಿಂತ ಜಾಸ್ತಿ ತಾಗಿವೆ. ಹಾಗಾಗಿ ಸೊಳ್ಳೆ ಸಮಸ್ಯೆ ಅಲ್ಲ ಅನಿಸುತ್ತದೆ. ನನ್ನ ಪೆಟ್ಟು ಬಹುಪಾಲು ಅವರ ಆರ್ಮರ್ ಮೇಲೇ ಕರಗಿದೆ. ಅವರದು ಎಲ್ಲಾ ಲೇಸರ್. ನನ್ನ ಕಡೆ ಲೆಕ್ಕ ವಿಚಿತ್ರ: ಹಲ್‌ಗೆ ಭಯಂಕರ ಪೆಟ್ಟು, ಆರ್ಮರ್‌ಗೆ ಸ್ವಲ್ಪ, ಶೀಲ್ಡ್‌ಗೆ ಸೊನ್ನೆ. ಶೀಲ್ಡ್ ಪೂರ್ತಿ ಹಾಕಿದ್ದೇನಲ್ಲ? ತೋರಿಸುವುದರಲ್ಲೇ ಏನೋ ಎಡವಟ್ಟು ಅಂತ ಬಿಟ್ಟೆ.

ಸಾಗರದ_ಕಪ್ತಾನ

ಅದನ್ನೇ ಬಿಡಬಾರದು! ಶೀಲ್ಡ್ ಸೊನ್ನೆ ಅಂದರೆ ಸೊನ್ನೆಯೇ. ಆ ಸಿಸ್ಟಮ್ಮಿನ ನಕ್ಷತ್ರ ಯಾವುದು ಹೇಳಿ. ಎರಡು ಕಡೆಯಿಂದ ಬೆಳಕಿನ ಕೋಲು ಬಿಟ್ಟುಕೊಂಡು ಗಿರಗಿರ ತಿರುಗುತ್ತಾ ಇದೆಯಾ?

ತುಂಗೆ_ದಡ

ಹೌದು. ಚೆನ್ನಾಗಿದೆ ಅಂತ ಸ್ಕ್ರೀನ್‌ಶಾಟ್ ಬೇರೆ ತೆಗೆದಿದ್ದೆ.

ಸಾಗರದ_ಕಪ್ತಾನ

ಹಾಗಾದರೆ ಸಿಕ್ಕಿತು. ಅದು ಪಲ್ಸಾರ್. ಸ್ಟೆಲ್ಲಾರಿಸ್‌ನಲ್ಲಿ ಪಲ್ಸಾರ್ ಸಿಸ್ಟಮ್ಮಿನೊಳಗೆ ಯಾವ ಹಡಗಿನ ಶೀಲ್ಡೂ ಕೆಲಸ ಮಾಡುವುದಿಲ್ಲ. ನಿಮ್ಮದೂ ಇಲ್ಲ, ಅವರದೂ ಇಲ್ಲ. ಆದರೆ ಅವರ ಬಂಡವಾಳ ಇದ್ದದ್ದು ಆರ್ಮರ್‌ನಲ್ಲಿ, ನಿಮ್ಮದು ಶೀಲ್ಡ್‌ನಲ್ಲಿ. ನೀವು 31 ಸಾವಿರ ಅಂತ ನೋಡಿದ್ದು ಮನೆಯ ಶಿಪ್‌ಯಾರ್ಡಿನಲ್ಲಿ ನಿಂತು. ಆ ಬಾಗಿಲು ದಾಟಿದ ಕೂಡಲೇ ಅದರಲ್ಲಿ ದೊಡ್ಡ ಪಾಲು ಗಾಳಿಗೆ ಹೋಯಿತು.

ಗಡಿಯಲ್ಲಿ ಗೆದ್ದದ್ದೂ ಇದೇ ಲೆಕ್ಕಕ್ಕೆ. ಲೇಸರ್‌ಗೆ ಶೀಲ್ಡ್ ಕಂಡರೆ ಆಗದು, ಪೆಟ್ಟು ಅರ್ಧ ಆಗುತ್ತದೆ. ಆರ್ಮರ್ ಸಿಕ್ಕಿದರೆ ಒಂದೂವರೆ ಪಟ್ಟು. ನಿಮ್ಮ ರೇಲ್‌ಗನ್ ಸರಿಯಾಗಿ ಇದರ ಉಲ್ಟಾ: ಶೀಲ್ಡ್ ಮೇಲೆ ಒಂದೂವರೆ, ಆರ್ಮರ್ ಮೇಲೆ ಅರ್ಧ. ಗಡಿಯಲ್ಲಿ ನಿಮ್ಮ ಶೀಲ್ಡ್ ಅವರ ಲೇಸರ್ ನುಂಗಿತು. ಪಲ್ಸಾರ್‌ನಲ್ಲಿ ಅದೇ ಲೇಸರ್ ಇದ್ದ ಚೂರು ಆರ್ಮರ್ ಸುಟ್ಟು ನೇರ ಹಲ್‌ಗೆ ಬಂತು. ನಿಮ್ಮ ರೇಲ್‌ಗನ್‌ಗೋ, ಹೊಡೆಯಲು ಶೀಲ್ಡೇ ಇಲ್ಲ. ಎರಡೂ ಕಡೆಯಿಂದ ನಷ್ಟ.

ಆಗುಂಬೆ ಮಳೆಗೆ ಕೊಡೆ ನಂಬಿಕೊಂಡು ಹೊರಟ ಹಾಗಾಯಿತು. ಗಾಳಿ ಬೀಸಿದರೆ ಕೊಡೆ ಮಗುಚಿಕೊಳ್ಳುತ್ತದೆ. ಕಂಬಳಿ ಕೊಪ್ಪೆ ಹಾಕಿದವನು ಸುಮ್ನೆ ನಡೆದುಕೊಂಡು ಹೋಗುತ್ತಾನೆ.

(ನಿಜವಾದ ಪಲ್ಸಾರ್‌ಗೂ ಶೀಲ್ಡ್‌ಗೂ ಸಂಬಂಧ ಇಲ್ಲ ಬಿಡಿ. ಅದು ತಿರುಗುವ ನ್ಯೂಟ್ರಾನ್ ನಕ್ಷತ್ರ. 1967ರಲ್ಲಿ ಕೇಂಬ್ರಿಡ್ಜಿನಲ್ಲಿ ಜೋಸೆಲಿನ್ ಬೆಲ್ ಮೊದಲು ಗುರುತಿಸಿದ್ದರ ಮಿಡಿತ ಸುಮಾರು 1.34 ಸೆಕೆಂಡಿಗೆ ಒಂದು. ಆಟದವರು ಅದಕ್ಕೊಂದು ಕೆಲಸ ಕೊಟ್ಟಿದ್ದಾರೆ ಅಷ್ಟೇ.)

ತುಂಗೆ_ದಡ

ಅಯ್ಯೋ ದೇವರೇ. ಶೀಲ್ಡ್ ಹಾಕಿದ್ದಕ್ಕೆ ಕಾರಣ ಇತ್ತು. ಕಾದಾಟ ಮುಗಿದ ಮೇಲೆ ಅದು ತಾನೇ ತುಂಬಿಕೊಳ್ಳುತ್ತದೆ. ಆರ್ಮರ್ ಆದರೆ ಪ್ರತಿ ಸಲ ರಿಪೇರಿಗೆ ವಾಪಸ್ ಬರಬೇಕು. ದೂರದ ಯುದ್ಧ, ಸೋಮಾರಿತನ. ಈಗ ಏನು ಮಾಡಲಿ? ಆ ಸಿಸ್ಟಮ್ ದಾಟದೆ ಅವರ ರಾಜಧಾನಿಗೆ ದಾರಿ ಇಲ್ಲ.

ಸಾಗರದ_ಕಪ್ತಾನ

ಕೊಡೆ ಕೊಡವಿದರೆ ಆಯಿತು, ಕಂಬಳಿ ಒಲೆ ಮೇಲೆ ಒಣಗಬೇಕು. ಆ ತಾಪತ್ರಯ ಇದ್ದೇ ಇದೆ, ತಪ್ಪಿಸಲು ಆಗುವುದಿಲ್ಲ.

ಶೀಲ್ಡ್ ತೆಗೆದು ಆರ್ಮರ್ ತುಂಬಿ. ಕ್ರಿಸ್ಟಲ್ ಪ್ಲೇಟಿಂಗ್ ತಂತ್ರಜ್ಞಾನ ಸಿಕ್ಕಿದ್ದರೆ ಒಂದೆರಡು ಜಾಗ ಅದಕ್ಕೆ ಕೊಡಿ, ಹಲ್ ಏರುತ್ತದೆ. ಇನ್ನೊಂದು ಲಾಭ ನೋಡಿ: ಶೀಲ್ಡ್‌ಗೆ ವಿದ್ಯುತ್ ಬೇಕು, ಆರ್ಮರ್‌ಗೆ ಬೇಡ. ಉಳಿದ ವಿದ್ಯುತ್ತಿನಲ್ಲಿ ಭಾರದ ಬಂದೂಕು ಹಾಕಬಹುದು. ಹಾಗೇ ಬಿಟ್ಟರೂ ಹಡಗಿಗೆ ಸಣ್ಣ ಬೋನಸ್ ಸಿಗುತ್ತದೆ.

ರೇಲ್‌ಗನ್ ತೆಗೆದು ಪ್ಲಾಸ್ಮಾ, ಇಲ್ಲದಿದ್ದರೆ ಲೇಸರ್. ಪ್ಲಾಸ್ಮಾ ಬಂದೂಕು ಶೀಲ್ಡ್ ಎದುರು ಬಹಳ ದುರ್ಬಲ, ಆದರೆ ಅಲ್ಲಿ ಶೀಲ್ಡೇ ಇಲ್ಲವಲ್ಲ! ಮಿಸೈಲ್ ಹಾಕುವ ಆಸೆ ಬೇಡ. ಅದರ ದೊಡ್ಡ ಗುಣ ಶೀಲ್ಡ್ ದಾಟಿ ಹೋಗುವುದು. ಈ ಜಾಗದಲ್ಲಿ ಆ ಗುಣಕ್ಕೆ ಬೆಲೆ ಇಲ್ಲ.

ಕೊಡಚಾದ್ರಿ_42

ನನ್ನ ಊಹೆ ತಪ್ಪಾಯಿತು, ಒಪ್ಪಿದೆ. ಒಂದು ಮಾತು ಸೇರಿಸುತ್ತೇನೆ. ಡಿಸೈನ್ ಬದಲಿಸಿದರೆ ಹಡಗು ತಾನಾಗಿ ಬದಲಾಗುವುದಿಲ್ಲ. ಹಳೆ ಹೆಸರಿನಲ್ಲೇ ಸೇವ್ ಮಾಡಿ, ಆಮೇಲೆ ಫ್ಲೀಟ್ ಆರಿಸಿ ಅಪ್‌ಗ್ರೇಡ್ ಒತ್ತಿ. ಅದು ಶಿಪ್‌ಯಾರ್ಡ್‌ಗೆ ಹೋಗಿ ಕೂರುತ್ತದೆ. ಆ ಹೊತ್ತಿಗೆ ಗಡಿ ಖಾಲಿ ಇರುತ್ತದೆ, ನೆನಪಿರಲಿ. ಡಿಸೈನ್‌ಗಳನ್ನು ಆಟವೇ ತಯಾರಿಸುವ ಆಯ್ಕೆ ಆನ್ ಇದ್ದರೆ ಆಫ್ ಮಾಡಿ. ಪಟ್ಟಿಯಲ್ಲಿ ಅದರದ್ದೂ ನಿಮ್ಮದೂ ಕಲಸಿ ಚಿತ್ರಾನ್ನ ಆಗುತ್ತದೆ.

ಬ್ಯಾಟಲ್‌ಶಿಪ್‌ಗೆ ಆರ್ಟಿಲರಿ ಕಂಪ್ಯೂಟರ್ ಹಾಕಿದ್ದೀರಾ? ಹಾಗಿದ್ದರೆ ಅವು ದೂರ ನಿಂತು ಹೊಡೆಯುತ್ತವೆ, ಕಾರ್ವೆಟ್‌ಗಳು ಮಾತ್ರ ಮುಂದೆ ನುಗ್ಗಿ ಪೆಟ್ಟು ತಿನ್ನುತ್ತವೆ. ಕಾರ್ವೆಟ್ ಇರುವುದೇ ಅದಕ್ಕೆ, ಆದರೂ ಎಷ್ಟು ಸತ್ತವು ಅಂತ ಲೆಕ್ಕ ಇಡಿ.

ತುಂಗೆ_ದಡ

ಮೂರನೇ ಸಲ. ಹಳೆ ಸೇವ್ ತೆಗೆದು ನೀವು ಹೇಳಿದ ಹಾಗೆ ಮಾಡಿದೆ. ಪ್ಲಾಸ್ಮಾ ಇನ್ನೂ ಸಿಕ್ಕಿಲ್ಲ, ಲೇಸರ್ ಹಾಕಿದೆ. ಅಲಾಯ್ ಸಾಲದೆ ಒಂದಿಷ್ಟು ಮಾರುಕಟ್ಟೆಯಲ್ಲಿ ಕೊಂಡೆ. ಬೆಲೆ ನೋಡಿ ಕಣ್ಣು ಕತ್ತಲೆ ಬಂತು.

ತಮಾಷೆ ಏನೆಂದರೆ ಈ ಸಲ ಹೊರಡುವಾಗ ಫ್ಲೀಟ್ ಪವರ್ 29 ಸಾವಿರ, ಮೊದಲಿಗಿಂತ ಕಡಿಮೆ. ಕೈ ನಡುಗುತ್ತಿತ್ತು. ಅದೇ ಪಲ್ಸಾರ್, ಅದೇ ಪಡೆ. ಗೆದ್ದೆ! ಹೋದದ್ದು 1 ಬ್ಯಾಟಲ್‌ಶಿಪ್, 7 ಕಾರ್ವೆಟ್. ಅವರ 9 ಕ್ರೂಸರ್‌ನಲ್ಲಿ 6 ಅಲ್ಲೇ ಮುಗಿದವು, 3 ತಪ್ಪಿಸಿಕೊಂಡವು. ಈಗ ಕಂಬಳಿ ಒಣಗಿಸಲು ವಾಪಸ್ ಹೋಗುತ್ತಿದ್ದೇನೆ.

ಕಪ್ತಾನರಿಗೂ ಕೊಡಚಾದ್ರಿಯವರಿಗೂ ಬಹಳ ಥ್ಯಾಂಕ್ಸ್.

ದೊಡ್ಡ_ಹಡಗು

ಇನ್ನೂ ನಾಲ್ಕು ಬ್ಯಾಟಲ್‌ಶಿಪ್ ಇದ್ದಿದ್ದರೆ ಆ ಒಂದೂ ಹೋಗುತ್ತಿರಲಿಲ್ಲ.